ಮಂದಾಳ ಬಂದೂಕಿಗೆ ನಾನು ಆರಿಸಿದ ಗುಂಡು

ಇವತ್ತು ಬೆಳಿಗ್ಗೆ ನಳದ ನೀರು ತುಂಬಿಸಿದೆ. ಇವರ ಡಬ್ಬಿ ಕಟ್ಟಿ ಸ್ಟೇಷನ್ನಿಗೆ ಕಳಿಸಿದೆ. ಅತ್ತೆಯ ಬಿಪಿ ಗುಳಿಗೆಯನ್ನು ಮುರಿದು ಅರ್ಧ ಈ ಹೊತ್ತಿಗೆ, ಅರ್ಧ ಸಂಜೆಗೆ ಅಂತ ಬೇರೆ ಮಾಡಿಟ್ಟೆ. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟೆ. ರೇಂಜಿಗೆ ಹೋಗಿ ಮೇಘಾಳ ರೈಫಲಿಗೆ ಗುಂಡು ಪರೀಕ್ಷೆ ಮಾಡಿದೆ. ಬರುವಾಗ ಮೊಸರು ತಂದೆ. ಮತ್ತು ಮೇಘಾಳ ತಾಯಿ ಮಂದಾಕಿನಿಗೆ — ನನ್ನ ಗಂಡನ ತಮ್ಮನ ಹೆಂಡತಿ, ನನ್ನ ನೆಗೆಣ್ಣಿ — ಬಹಳ ವರ್ಷಗಳ ಹಿಂದೆ ಆಕೆಯ ಬಂದೂಕಿಗೆ ನಾನು ಬೇಕೆಂದೇ ತಪ್ಪು ಗುಂಡು ಆರಿಸಿ ಕೊಟ್ಟೆ ಎಂದು ಹೇಳಿದೆ.

ಬೇಕೆಂದೇ. ಈ ಒಂದು ಪದಕ್ಕಾಗಿ ಇವತ್ತು ಎರಡು ಸಲ ಬಾಯಿ ತೆರೆಯಬೇಕಾಯಿತು. ಮೊದಲ ಸಲ ಹೊರಗೆ ಬಂದದ್ದು ಬೇರೆ ಪದ. ಅದನ್ನೂ ಬರೆಯುತ್ತೇನೆ, ಆದರೆ ಮೊದಲು —

ತಪ್ಪು ಗುಂಡು ಅಂದ ಕೂಡಲೇ ಯಾರಿಗೋ ಪೆಟ್ಟಾಯಿತು ಅಂದುಕೊಳ್ಳಬೇಡಿ. ಕಾಗದ ಬಿಟ್ಟು ಬೇರೆ ಯಾವುದಕ್ಕೂ ಹೊಡೆಯದ ಬಂದೂಕು ನಮ್ಮದು. ನೆಲಕ್ಕೆ ಹಾಸಿದ ಚಾಪೆಯ ಮೇಲೆ ಬೋರಲು ಮಲಗಿ, ಐವತ್ತು ಮೀಟರ್ ಆಚೆ ನಿಲ್ಲಿಸಿದ ಕಾರ್ಡಿಗೆ ಹೊಡೆಯುವುದು. ಕಾರ್ಡಿನ ನಡುವೆ ಕರಿ ವೃತ್ತ, ಅದರೊಳಗೆ ವೃತ್ತದೊಳಗೆ ವೃತ್ತ, ಎಲ್ಲಕ್ಕೂ ಒಳಗಿನದು ಹತ್ತರ ಮನೆ — ಹಣೆಯ ಟಿಕಲಿಯಷ್ಟೇ ದೊಡ್ಡದು. ಗುಂಡೂ ಸಣ್ಣದು, ಹಸುಗೂಸಿನ ಕಿರುಬೆರಳಿನಷ್ಟು. ಅದರ ತಳದ ಅಂಚಿನಲ್ಲಿ ಮದ್ದು ಸವರಿರುತ್ತಾರೆ, ಬಂದೂಕಿನ ಮೊಳೆ ಆ ಅಂಚಿಗೆ ತಟ್ಟಿದರೆ ಗುಂಡು ಹಾರುತ್ತದೆ. ರಿಮ್‌ಫೈರ್ ಅನ್ನುವುದು ಅದಕ್ಕೇ.

ಈ ಗುಂಡುಗಳ ಗುಣ ವಿಚಿತ್ರ. ಒಂದೇ ಕಾರ್ಖಾನೆ, ಒಂದೇ ಹೆಸರು, ಒಂದೇ ಬಣ್ಣದ ಪೆಟ್ಟಿಗೆ, ಆದರೂ ಬೇರೆ ಬೇರೆ ಸಲ ಮಾಡಿದ್ದು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತದೆ. ಒಂದು ಸಲಕ್ಕೆ ಮಾಡಿದ್ದನ್ನೆಲ್ಲ ಒಂದು ಲಾಟ್ ಅನ್ನುತ್ತಾರೆ. ನನ್ನ ಬಂದೂಕಿಗೆ ಒಗ್ಗಿದ ಲಾಟ್ ನಿಮ್ಮ ಬಂದೂಕಿಗೆ ಒಗ್ಗಬೇಕೆಂದಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಹಾಗಲಕಾಯಿ ಸೇರುತ್ತದೆ, ಇನ್ನೊಬ್ಬ ತಟ್ಟೆ ದೂಡುತ್ತಾನೆ, ಹಾಗೆ. ಅದಕ್ಕೇ ಪರೀಕ್ಷೆ. ರೈಫಲನ್ನು ಮೇಜಿಗೆ ಜಡಿದ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಮನುಷ್ಯರ ಕೈ ನಡುಕ, ಉಸಿರು ಒಂದೂ ಸೇರದ ಹಾಗೆ ಮಾಡಿ, ಒಂದೊಂದು ಲಾಟಿನಿಂದ ಹತ್ತು ಹತ್ತು ಗುಂಡು ಹೊಡೆದು, ಕಾರ್ಡಿನ ಮೇಲೆ ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆ ಅಂತ ನೋಡುವುದು. ಯಾವ ಲಾಟಿನ ಹತ್ತೂ ಒಂದೇ ತೂತಿನ ಹಾಗೆ ಕಾಣುತ್ತದೋ ಅದು ಆ ಬಂದೂಕಿನದು.

ಒಂದು ನಿಯಮವಿದೆ. ಲಾಟ್ ಬದಲಿಸುವಾಗ ನಳಿಗೆಯನ್ನು ಒರೆಸಬೇಕು. ಒರೆಸಿದ ಮೇಲೆ ನೇರ ಕಾರ್ಡಿಗೆ ಹೊಡೆಯಬಾರದು. ಗುಂಡಿನ ಮೈಗೆ ಮೇಣ ಹಚ್ಚಿರುತ್ತಾರೆ, ಹೊಸ ಲಾಟಿನ ಮೇಣ ನಳಿಗೆಗೆ ಹಿಡಿಯುವವರೆಗೆ ಗುಂಡು ಅತ್ತಿತ್ತ ಹೋಗುತ್ತದೆ. ತಿಕ್ಕಿ ತೊಳೆದ ಹಂಚಿನ ಮೇಲೆ ಮೊದಲ ದೋಸೆ ಏಳುವುದಿಲ್ಲವಲ್ಲ, ಹಾಗೆ. ಆದ್ದರಿಂದ ಮೊದಲು ಕೆಲವನ್ನು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದು ಬಿಡಬೇಕು. ನಮಗೆ ಕಲಿಸಿದ ಉಸ್ತಾದರು ಇದಕ್ಕೆ ಹೇಳುತ್ತಿದ್ದ ಮಾತು, "ಪಹಲೇ ನಲೀ ಕು ಚಖಾವ್" — ಮೊದಲು ನಳಿಗೆಗೆ ರುಚಿ ತೋರಿಸು. ನಾವೂ ಮನೆಯಲ್ಲಿ ಹಾಗೇ ಅನ್ನುತ್ತಿದ್ದೆವು, ರುಚಿ ತೋರಿಸೋದು.

ಉಸ್ತಾದರು ಫೌಜಿನಿಂದ ನಿವೃತ್ತರಾದವರು. ಮೊಣಕಾಲು ನೋವು, ಜೇಬಿನಲ್ಲಿ ಸೋಂಪು, ಕೂರಲು ಒಂದು ಹಸಿರು ಪ್ಲಾಸ್ಟಿಕ್ ಕುರ್ಚಿ. ಅವರು ನಮ್ಮ ಕ್ಲಬ್ಬಿನಲ್ಲಿ ಇನ್ನೊಂದು ಪದ್ಧತಿ ಇಟ್ಟಿದ್ದರು. ಬೇರೆ ಕಡೆ ಅದು ಇದೆಯೋ ಇಲ್ಲವೋ ಗೊತ್ತಿಲ್ಲ. ತನ್ನ ಬಂದೂಕಿಗೆ ತಾನೇ ಗುಂಡು ಆರಿಸಬಾರದು. "ಅಪ್ನೀ ಗೋಲೀ ಆಪಿಚ್ ನಕ್ಕೋ ಚುನೋ ಅಮ್ಮಾ," ಅನ್ನುತ್ತಿದ್ದರು. ಸ್ವಂತದ್ದನ್ನು ನೋಡುವಾಗ ಕಣ್ಣು ಆಸೆಯಿಂದ ನೋಡುತ್ತದೆ, ಚದುರಿದ್ದೂ ಒತ್ತಾಗಿ ಕಾಣುತ್ತದೆ, ಆದ್ದರಿಂದ ಇನ್ನೊಬ್ಬರು ಆರಿಸಬೇಕು. ಹೊಡೆಯುವವಳು ಕೊಟ್ಟ ಪೆಟ್ಟಿಗೆ ತೆಗೆದುಕೊಂಡು ಹೊಡೆಯಬೇಕು, ಕೇಳಬಾರದು. ಅವರ ಪದ್ಧತಿ ಪೂರ್ತಿ ನಿಂತದ್ದು ನಂಬಿಕೆಯ ಮೇಲೆ. ಮಂದಾಳದ್ದನ್ನು ನಾನು ನೋಡುತ್ತಿದ್ದೆ, ನನ್ನದನ್ನು ಮಂದಾ.

ನಾನು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹಿಡಿದವಳು. ಮದುವೆಯಾಗಿ ಮಲ್ಕಾಜ್‌ಗಿರಿಯ ಈ ಮನೆಗೆ ಬಂದ ಮೇಲೂ ಭಾನುವಾರ ಬೆಳಿಗ್ಗೆ ರೇಂಜಿಗೆ ಹೋಗುವುದನ್ನು ಬಿಡಲಿಲ್ಲ. ಅತ್ತೆ ಬೇಡ ಅನ್ನಲಿಲ್ಲ. "ಬ್ಯಾರೇದೋರು ಭಜನಿಗೆ ಹೋಗ್ತಾರ, ನಮ್ಮಾಕಿ ಢಂ ಅನಸಾಕ ಹೋಗ್ತಾಳ," ಅಂತ ಓಣಿಯವರಿಗೆಲ್ಲ ಹೇಳಿ ನಗುತ್ತಿದ್ದರು. ನಾನು ಕೆಟ್ಟದಾಗಿ ಹೊಡೆಯುತ್ತಿರಲಿಲ್ಲ. ಬಹಳ ಚೆನ್ನಾಗಿಯೂ ಅಲ್ಲ. ಆದರೆ ವಾರದಲ್ಲಿ ಆ ಒಂದು ಬೆಳಗು ನನ್ನದಾಗಿತ್ತು, ಮತ್ತು ಉಸ್ತಾದರ ಹಸಿರು ಕುರ್ಚಿ ನನ್ನ ಚಾಪೆಯ ಹಿಂದೆ ಇರುತ್ತಿತ್ತು.

ಮಂದಾ ಜಮಖಂಡಿಯಿಂದ ಸೊಸೆಯಾಗಿ ಬಂದಳು. ತೆಲುಗು ಬಾರದು, ಹಿಂದಿ ಅರ್ಧಂಬರ್ಧ, ಗಂಡ ಬೆಳಿಗ್ಗೆ ಹೋದರೆ ರಾತ್ರಿ ಬರುವವನು. ಬೇಜಾರಿನಿಂದ ಕಿಟಕಿಯಲ್ಲಿ ನಿಂತು ರೈಲು ನೋಡುತ್ತಿದ್ದಳು. ನಾನೇ ಕರೆದೆ — "ಬಾ, ನನ್ನ ಜೊತಿ ಉಪ್ಪಿಟ್ಟಿನ ಡಬ್ಬಿ ಹಿಡ್ಕೊಂಡರ ಬಾ." ಬಂದಳು. ಕೆಲವು ವಾರ ಹಿಂದೆ ಕೂತು ನೋಡಿದಳು. ಒಂದು ದಿನ ಉಸ್ತಾದರು ತಮಾಷೆಗೆ ಚಾಪೆಯ ಮೇಲೆ ಮಲಗಿಸಿ ರೈಫಲ್ ಕೊಟ್ಟರು. ನನ್ನ ಹಳೆಯ ಜಾಕೀಟು ಹಾಕಿಕೊಂಡಿದ್ದಳು. ನನಗೆ ಮೊಣಕೈ ಹತ್ತಿರ ಯಾವಾಗಲೂ ಬಿಗಿಯುತ್ತಿದ್ದ ಜಾಕೀಟು ಆಕೆಗೆ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಕಾರ್ಡು ತಂದು ನೋಡಿದರೆ — ಹತ್ತರ ಮನೆಯಲ್ಲಿ ಇರಲಿಲ್ಲ, ಎಲ್ಲೋ ಕೆಳಗೆ ಬಿದ್ದಿದ್ದವು, ಆದರೆ ಎಲ್ಲವೂ ಒಂದೇ ಕಡೆ ಬಿದ್ದಿದ್ದವು. ಉಸ್ತಾದರು ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ ಸುಮ್ಮನಾದರು. ಅವರು ಸುಮ್ಮನಾದರೆ ಏನರ್ಥ ಅಂತ ನನಗೆ ಗೊತ್ತಿತ್ತು. ನನ್ನ ಕಾರ್ಡು ನೋಡಿ ಅವರು ಯಾವತ್ತೂ ಸುಮ್ಮನಾಗಿರಲಿಲ್ಲ, ಏನಾದರೂ ಹೇಳುತ್ತಿದ್ದರು.

ಮುಂದಿನ ಭಾನುವಾರ ಕುರ್ಚಿ ಅರ್ಧಕ್ಕೆ ಬಂತು, ನನ್ನ ಚಾಪೆಗೂ ಆಕೆಯ ಚಾಪೆಗೂ ನಡುವೆ. ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ಆಕೆಯ ಹಿಂದೆ.

ಒಂದು ಪ್ಲಾಸ್ಟಿಕ್ ಕುರ್ಚಿಗಾಗಿಯೇ ಅಂತ ನೀವು ಕೇಳಬಹುದು. ಹೌದು. ನಾನು ಬೋರಲು ಮಲಗಿ ಗುರಿ ನೋಡುವಾಗ ಬೆನ್ನ ಹಿಂದೆ ಖಾಲಿ ಅನ್ನಿಸುತ್ತಿತ್ತು. ಪಕ್ಕದಿಂದ ಉಸ್ತಾದರ ಸೋಂಪಿನ ವಾಸನೆ ಬರುತ್ತಿತ್ತು.

ಮನೆಯಲ್ಲೂ ಅದೇ. ಮಂದಾ ಜಿಲ್ಲಾ ಮಟ್ಟದಲ್ಲಿ ಒಂದು ಸಣ್ಣ ಬಹುಮಾನದ ಕಪ್ ತಂದಾಗ ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟರು. "ಶಾರದಾ, ನೀ ಇಷ್ಟ್ ವರ್ಷ ಹೋಗಿ ಬಂದಿ, ಒಂದ್ ಚಮಚಾನರ ತಂದೇನವ್ವಾ? ನೋಡು, ಈಕಿ ಬಂದು ವರ್ಷ ಆಗಿಲ್ಲ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ ನಕ್ಕೆ. ಮಂದಾ ಮಾತ್ರ ನಗಲಿಲ್ಲ. "ಅತ್ತಿ, ನನಗ ಕಲಿಸಿದಾಕಿನ ಅಕ್ಕಾರಿ. ಅಕ್ಕ ಇರಲಿಲ್ಲಂದ್ರ ನಾ ಇನ್ನೂ ರೈಲಿನ ಡಬ್ಬಿ ಎಣಸ್ಕೋತ ಕೂಡ್ತಿದ್ದೆ," ಅಂದಳು. ಆಕೆ ಯಾರ ಮುಂದೆಯೂ ಇದನ್ನೇ ಹೇಳುತ್ತಿದ್ದಳು. ಅಹಂಕಾರ ಪಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಟ್ಟೆ ಉರಿಯಲು ಒಂದು ನೆಪ ಸಿಗುತ್ತಿತ್ತು. ಆಕೆ ನೆಪವನ್ನೂ ಕೊಡಲಿಲ್ಲ — ಅದಕ್ಕೂ ನಾನು ಆಕೆಯ ಮೇಲೆಯೇ ಉರಿದುಕೊಂಡೆ.

ಆಮೇಲೆ ರಾಜ್ಯದ ತಂಡಕ್ಕೆ ಆಯ್ಕೆ ಬಂತು. ಅದರಲ್ಲಿ ಬಂದರೆ ಆಟಗಾರರ ಕೋಟಾದಲ್ಲಿ ರೈಲ್ವೆಯಲ್ಲಿ ನೌಕರಿ ಸಿಗಬಹುದು ಅನ್ನುವ ಮಾತು ನಮ್ಮ ಮನೆಯಲ್ಲಿ ಓಡಾಡತೊಡಗಿತು. ಮಂದಾಗೆ ನೌಕರಿಯ ಆಸೆ ಬಹಳ. ಸ್ವಂತ ಪಾಸಿನಲ್ಲಿ ತವರಿಗೆ ಹೋಗುವ ಕನಸು ಕಾಣುತ್ತಿದ್ದಳು. ಕ್ಲಬ್ಬಿನಿಂದ ನಮ್ಮಿಬ್ಬರ ಹೆಸರೂ ಹೋಗುತ್ತದೆ ಅಂದುಕೊಂಡಿದ್ದೆ. ಉಸ್ತಾದರು ಎಲ್ಲರೆದುರು ಹೇಳಿದರು, ಮಂದಾಳ ಹೆಸರು ಮಾತ್ರ ಕಳಿಸಿದ್ದೇನೆ ಅಂತ. ನನ್ನ ಕಡೆ ತಿರುಗಿ, "ಶಾರದಾ, ತುಮ್ ಸಾಥ್ ಜಾವ್, ಬಚ್ಚೀ ಡರಿಂಗಿ ನೈ ತೋ," ಅಂದರು. ಜೊತೆಗೆ ಹೋಗು, ಇಲ್ಲದಿದ್ದರೆ ಹುಡುಗಿ ಹೆದರುತ್ತಾಳೆ. ಪ್ರೀತಿಯಿಂದಲೇ ಅಂದದ್ದು. ಸರಿ ಉಸ್ತಾದ್ ಅಂದೆ. ಚೀಲ ಹಿಡಿಯುವವಳಾದೆ.

ಅದೇ ವಾರ ಹೊಸ ಗುಂಡು ಬಂದವು. ಮೂರು ಲಾಟ್. ಪೆಟ್ಟಿಗೆಗಳು ಒಂದೇ ಥರ ಇರುವುದರಿಂದ ಗೊಂದಲವಾಗದಿರಲಿ ಅಂತ ನಾನು ಟಿಕಲಿ ಅಂಟಿಸುತ್ತಿದ್ದೆ. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಕರಿ. ಉಸ್ತಾದರಿಗೆ ಕಣ್ಣಿನ ಆಪರೇಷನ್ ಆಗಿತ್ತು, ರೇಂಜಿಗೆ ಬಂದಿರಲಿಲ್ಲ. ಮಂದಾ ಪದ್ಧತಿಯ ಪ್ರಕಾರ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಒಳಗೆ ನಾನು, ಮೇಜು, ಕಬ್ಬಿಣದ ಹಿಡಿಕೆಯಲ್ಲಿ ಬಿಗಿದ ಆಕೆಯ ರೈಫಲ್.

ಕೆಂಪು ಟಿಕಲಿಯದು ಹರಡಿತು, ಅದನ್ನು ಬಿಡಬೇಕಿತ್ತು. ಹಸಿರಿನದು ಒಂದು ವಿಚಿತ್ರ ಮಾಡಿತು. ಗುಂಡುಗಳು ಒಂದರ ಮೇಲೊಂದು ಕೂತವು, ಒಂದು ಮಾತ್ರ ಎಲ್ಲೋ ಹೊರಗೆ ಜಿಗಿಯಿತು. ಇನ್ನೊಂದು ಕಾರ್ಡು ಹಾಕಿದೆ. ಮತ್ತೆ ಅದೇ, ಎಲ್ಲ ಸರಿ, ಒಂದು ಹೊರಗೆ. ಇಂಥ ಲಾಟ್ ಎಲ್ಲಕ್ಕಿಂತ ಕೆಟ್ಟದ್ದು. ಪೂರ್ತಿ ಹರಡುವ ಗುಂಡಾದರೆ ಹೊಡೆಯುವವಳಿಗೆ ಗುಂಡಿನ ಮೇಲೆ ಸಂಶಯ ಬರುತ್ತದೆ. ಒಂದೇ ಒಂದು ಜಿಗಿದರೆ ತನ್ನ ಮೇಲೆಯೇ ಸಂಶಯ ಬರುತ್ತದೆ.

ನಳಿಗೆ ಒರೆಸಿದೆ. ಕರಿ ಟಿಕಲಿಯ ಪೆಟ್ಟಿಗೆ ತೆರೆದೆ. ಮೊದಲು ಮಣ್ಣಿಗೆ ಹೊಡೆಯಬೇಕು — ರುಚಿ ತೋರಿಸಬೇಕು — ಕೈಗೆ ಅದು ಎಷ್ಟು ರೂಢಿಯೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತಿದ್ದೆ. ಆವತ್ತು ಮಾಡಲಿಲ್ಲ. ನೇರ ಕಾರ್ಡಿಗೆ ಹೊಡೆದೆ. ಯಾಕೆ ಅಂತ ಆ ಕ್ಷಣ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಮೊದಲಿನವು ಮೇಲೆ, ಎಡಕ್ಕೆ, ಮತ್ತೆಲ್ಲೋ ಹೋದವು. ಆಮೇಲೆ ನಳಿಗೆಗೆ ಮೇಣ ಹಿಡಿಯಿತು. ಉಳಿದವು ಒಂದೇ ತೂತಿಗೆ ಹೋದವು. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ಗುಂಡು ಹಾರಿದ ಸದ್ದಾಗುತ್ತಿತ್ತು, ಕಾರ್ಡಿನಲ್ಲಿ ಹೊಸ ತೂತು ಕಾಣುತ್ತಿರಲಿಲ್ಲ. ಅಷ್ಟು ಒತ್ತಾಗಿ ಬೀಳುವ ಗುಂಡನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಬಂದೂಕಿಗಾಗಿಯೇ ಹುಟ್ಟಿದ ಲಾಟ್ ಅದು.

ರುಚಿ ತೋರಿಸದೆ ಹೊಡೆದದ್ದು ಕೈಯ ಆತುರ ಅಂತಾದರೂ ಹೇಳಬಹುದೇನೋ. ಅದರ ನಂತರದ್ದನ್ನು ಏನಂತ ಹೇಳಲಿ? ಗೊತ್ತಾದ ಮೇಲೆ ಇನ್ನೊಂದು ಕಾರ್ಡು ಹಾಕಿ ಮತ್ತೆ ಹೊಡೆಯಬಹುದಿತ್ತು. ಪೆಟ್ಟಿಗೆಯಲ್ಲಿ ಗುಂಡುಗಳಿದ್ದವು, ಹೊತ್ತೂ ಇತ್ತು. ನಾನು ಸ್ಟೂಲಿನ ಮೇಲೆ ಕೂತೆ. ಕಿಟಕಿಯಿಂದ ಮಂದಾ ಕಾಣುತ್ತಿದ್ದಳು, ಮರದ ಕೆಳಗೆ ಚಪ್ಪಲಿ ಬಿಟ್ಟು, ಕಾಲು ಚಾಚಿ, ಯಾವ ಚಿಂತೆಯೂ ಇಲ್ಲದೆ ಕಡಲೆಕಾಯಿ ತಿನ್ನುತ್ತಿದ್ದಳು. ನಾನು ಒಳಗಿದ್ದೇನೆ ಅನ್ನುವುದೇ ಆಕೆಗೆ ಧೈರ್ಯ. ಆ ನಿಶ್ಚಿಂತೆಯನ್ನು ನೋಡಿ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಕಾರ್ಡು ಬಿಚ್ಚಿದೆ.

ಮಾರನೆಯ ದಿನ ಉಸ್ತಾದರ ಮನೆಗೆ ಕಾರ್ಡುಗಳನ್ನು ತೋರಿಸಲು ಹೋದೆ. ಕಣ್ಣಿಗೆ ಪಟ್ಟಿ ಇತ್ತು, ಇನ್ನೊಂದು ಕಣ್ಣಿನಿಂದ ಸುಮ್ಮನೆ ಕಾರ್ಡಿನ ಕಡೆ ನೋಡಿದರು. "ಕರಿಯದು ಹರಡ್ತದ, ಹಸಿರು ಒಳ್ಳೇದು, ಒಂದು ಮಾತ್ರ ಹಿಡಿಕಿ ಅಳ್ಳಾಡಿ ಹೊರಗ ಹೋಗೇದ," ಅಂತ ಅವರಿಗೆ ತಿಳಿಯುವ ಹಾಗೆ ಹಿಂದಿಯಲ್ಲಿ ಹೇಳಿದೆ. "ತುಮ್ ದೇಖೇ ನಾ, ಬಸ್," ಅಂದರು. ನೀನು ನೋಡಿದೆಯಲ್ಲ, ಸಾಕು. ಕರಿ ಟಿಕಲಿಯ ಪೆಟ್ಟಿಗೆಗಳು ಬೇರೆ ಯಾರಿಗೋ ಹೋದವು. ನಾನೂ ಅವನ್ನು ಇಟ್ಟುಕೊಳ್ಳಲಿಲ್ಲ. ನನಗೆ ಏನೂ ಬೇಕಿರಲಿಲ್ಲ, ಆಕೆಗೆ ಸಿಗಬಾರದಿತ್ತು, ಅಷ್ಟೇ.

ಆಯ್ಕೆಯ ದಿನ ನಾನು ಆಕೆಯ ಹಿಂದೆ ದುರ್ಬೀನು ಹಿಡಿದು ಕೂತಿದ್ದೆ. ಮೊದಲು ಎಲ್ಲ ಹತ್ತು, ಹತ್ತು, ಹತ್ತು. ನನಗೇ ಅನ್ನಿಸತೊಡಗಿತು, ಏನೂ ಆಗುವುದಿಲ್ಲ, ಲಾಟ್ ನನ್ನನ್ನು ಕಾಪಾಡುತ್ತದೆ ಅಂತ. ಆಮೇಲೆ ಒಂದು ಎಂಟು. ಮಂದಾ ರೈಫಲಿನಿಂದ ಕೆನ್ನೆ ತೆಗೆದಳು. ಬಂದೂಕನ್ನು ನೋಡಲಿಲ್ಲ, ಗುಂಡಿನ ಪೆಟ್ಟಿಗೆಯನ್ನೂ ನೋಡಲಿಲ್ಲ. ತನ್ನ ಎಡಗೈಯನ್ನು ನೋಡಿಕೊಂಡಳು. ತೋಳಿಗೆ ಬಿಗಿದ ರೈಫಲಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಕೆಲವು ಹೊಡೆದ ಮೇಲೆ ಇನ್ನೊಂದು ಜಿಗಿಯಿತು. ಅಲ್ಲಿಂದ ಮುಂದೆ ಕೆಟ್ಟದ್ದನ್ನು ಗುಂಡು ಮಾಡಲಿಲ್ಲ, ಆಕೆಯೇ ಮಾಡಿಕೊಂಡಳು. ಹಿಡಿತ ಬದಲಿಸಿದಳು, ಉಸಿರು ಬದಲಿಸಿದಳು, ಸರಿ ಇದ್ದುದನ್ನೆಲ್ಲ ಒಂದೊಂದಾಗಿ ಕೆಡಿಸಿಕೊಂಡಳು. ನಡುವಿನ ಬಿಡುವಿನಲ್ಲಿ ನನ್ನ ಕಡೆ ತಿರುಗಿ ನೋಡಿದಳು. ನಾನು ನೀರಿನ ಬಾಟಲಿ ಕೊಟ್ಟೆ.

ತಂಡಕ್ಕೆ ಬರಲಿಲ್ಲ. ಬಹಳ ಕಡಿಮೆ ಅಂತರದಲ್ಲಿ ತಪ್ಪಿತು.

ಹೊರಗೆ ನಳದ ಹತ್ತಿರ ಮುಖ ತೊಳೆದುಕೊಳ್ಳುತ್ತ ಮಂದಾ ಅಂದಳು, "ಅಕ್ಕಾ, ನನ್ನ ಕೈ ಅಳ್ಳಾಡ್ತು."

ಇಲ್ಲ ಅನ್ನಬಹುದಿತ್ತು. ಸುಮ್ಮನಿದ್ದರೂ ಆಗುತ್ತಿತ್ತು. ನಾನು ಅಂದದ್ದು ಇದು: "ವ್ಯಾಳ್ಯಾ ಬಂದಾಗ ಎಲ್ಲಾರ ಕೈನೂ ನಿಲ್ಲೂದಿಲ್ಲ ಮಂದಾ. ಹೋಗ್ಲಿ ಬಿಡು."

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಒಂದು ಕೈಯಿಂದ ಆಕೆಯ ಬೆನ್ನು ಸವರುತ್ತಿದ್ದೆ. ಆಗ ನನಗೆ ಹಗುರ ಅನ್ನಿಸುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ — ಹಗುರ ಅನ್ನಿಸಿತು, ಹಸಿವಾಯಿತು.

ಮಂದಾ ರೇಂಜಿಗೆ ಬರುವುದನ್ನು ನಿಲ್ಲಿಸಿದಳು. ಉಸ್ತಾದರು ಹೇಳಿ ಕಳಿಸಿದರು, ಬರಲಿಲ್ಲ. ಹಸಿರು ಕುರ್ಚಿ ನನ್ನ ಹಿಂದೆ ಬಂತು. ನಾನು ಎಂದಿನ ಹಾಗೆಯೇ ಹೊಡೆದೆ, ಉಸ್ತಾದರು ಎಂದಿನ ಹಾಗೆ ಏನಾದರೂ ಹೇಳಿದರು. ತೀರಿಕೊಳ್ಳುವ ಮುಂಚೆ ಒಂದು ಸಲ ಕೇಳಿದರು, ಆ ಹುಡುಗಿಗೆ ಏನಾಯಿತು ಶಾರದಾ ಅಂತ. ಗೊತ್ತಿಲ್ಲ ಅಂದೆ.

ನಳದ ಹತ್ತಿರ ನಾನು ಆಡಿದ ಮಾತನ್ನು ಮಂದಾ ಎತ್ತಿಕೊಂಡು ಹೋದಳು. ಆಮೇಲೆ ಅದನ್ನು ಆಕೆಯ ಬಾಯಿಂದಲೇ ಕೇಳತೊಡಗಿದೆ. ಸ್ಕೂಟರ್ ಕಲಿಯಲಿಲ್ಲ, "ನಂದು ವ್ಯಾಳ್ಯಾಕ್ಕ ನಿಲ್ಲದ ಕೈರೀ," ಅಂದಳು. ಸರಕಾರಿ ಪರೀಕ್ಷೆಗೆ ಓದಿ, ನಾಂಪಲ್ಲಿಯ ಕೇಂದ್ರದ ಗೇಟಿನವರೆಗೆ ಹೋಗಿ ವಾಪಸು ಬಂದಳು. ಅತ್ತೆಯ ಕಣ್ಣಿಗೆ ಔಷಧಿ ಹಾಕುವ ಹೊತ್ತಿಗೆ ಬಾಟಲಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. "ಅಕ್ಕಾ, ನೀನ ಹಾಕು. ನನ್ನ ಕೈ ನಂಬಬ್ಯಾಡ." ನಾನು ಕಂಡ ಕೈಗಳಲ್ಲಿ ಅತ್ಯಂತ ಸ್ಥಿರವಾದ ಕೈ ಅದು. ಅದರಿಂದ ಬಾಟಲಿ ತೆಗೆದುಕೊಂಡು ನಾನು ಹನಿ ಹಾಕುತ್ತಿದ್ದೆ.

ಅವರು ಮಿಯಾಪುರದ ಅಪಾರ್ಟ್‌ಮೆಂಟಿಗೆ ಹೋದರು. ಮೇಘಾ ಬೆಳೆದಳು, ಶಾಲೆಯಲ್ಲಿ ಏರ್ ರೈಫಲ್ ಹಿಡಿದಳು, ಆಮೇಲೆ ನಮ್ಮ ಈ ಗುಂಡಿನ ರೈಫಲಿಗೆ ಬಂದಳು. ನಾನೇನೂ ಕಲಿಸಲಿಲ್ಲ, ತಾನೇ ಬಂದಳು. ಈ ತಿಂಗಳು ಆಕೆಗೆ ಆಯ್ಕೆ ಇದೆ. ಗುಂಡು ನೋಡುವುದು ನೀನೇ ಅಂತ ಮಂದಾ ಫೋನಿನಲ್ಲಿ ಹಟ ಹಿಡಿದಳು. "ಕೋಚ್ ಇದ್ದಾರಲ್ಲ," ಅಂದೆ. "ಕೋಚ್ ಇರ್ಲಿ. ನಿನ್ನ ಬಿಟ್ಟು ನಾ ಯಾರನ್ನ ನಂಬ್ಲಿ?" ಅಂದಳು. ಇವತ್ತು ಬೆಳಿಗ್ಗೆ ತಾಯಿ-ಮಗಳು ಮೆಟ್ರೋ ಹಿಡಿದು ಬಂದರು. ಮಂದಾ ಅತ್ತೆಯ ಹತ್ತಿರ ಕೂತಳು, ನಾನು ಮೇಘಾಳ ಜೊತೆ ಹೋದೆ.

ಮೇಜಿಗೆ ರೈಫಲ್ ಬಿಗಿದೆ. ಒಂದೊಂದು ಲಾಟ್ ಬದಲಿಸಿದಾಗಲೂ ಮಣ್ಣಿಗೆ ಹೊಡೆದೆ, ಬೇಕಾದ್ದಕ್ಕಿಂತ ಹೆಚ್ಚೇ ಹೊಡೆದೆ. ಒಳ್ಳೆಯ ಲಾಟ್ ಸಿಕ್ಕಿತು. ಹೊರಗೆ ಬಂದು ಪೆಟ್ಟಿಗೆ ಕೊಟ್ಟೆ. ಮೇಘಾ ಪದ್ಧತಿಯ ಪ್ರಕಾರ ಏನೂ ಕೇಳದೆ ತೆಗೆದುಕೊಂಡಳು. ಪ್ರಾಕ್ಟೀಸಿಗೆ ಹೋಗುವ ಮುಂಚೆ ಜಾಕೀಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು, "ದೊಡ್ಡವ್ವಾ, ಒಂದ್ ಕೇಳ್ಲಿ? ಅಮ್ಮಂದು ವ್ಯಾಳ್ಯಾಕ್ಕ ನಿಲ್ಲದ ಕೈ ಅಂತಾಳಲ್ಲ. ಅದು ರಕ್ತದಾಗ ಬರ್ತೈತೇನು?"

"ಯಾರಂದ್ರು?"

"ಯಾರೂ ಅಂದಿಲ್ಲ. ನನಗ ಹಂಗ ಅನಸ್ತೈತಿ. ಮೊನ್ನಿ ಒಂದ್ ಒಂಬತ್ತು ಬಿತ್ತು, ಬಂತು ಅಮ್ಮನ ಕೈ ಅಂದ್ಕೊಂಡೆ."

ನಗುತ್ತಲೇ ಹೇಳಿದಳು. ನಾನು ಆಟೋ ಹಿಡಿದು, ದಾರಿಯಲ್ಲಿ ಮೊಸರು ತೆಗೆದುಕೊಂಡು ಮನೆಗೆ ಬಂದೆ. ನಾನು ನಳದ ಹತ್ತಿರ ಹೇಳಿದ ಸುಳ್ಳು, ಆಗ ಹುಟ್ಟಿರದ ಮಗುವಿನ ಕೈಗೆ ಬಂದು ಕೂತಿತ್ತು.

ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ಮಂದಾ ಬೇಯಿಸುತ್ತಿದ್ದಳು. ಅಲ್ಲಿಯೇ ಹೇಳಿದೆ. ಹಸಿರು, ಕರಿ, ಎಲ್ಲ ಹೇಳಿದೆ. ಕೊನೆಗೆ, "ಕರಿ ಟಿಕಲಿದಕ್ಕ ನಾ ರುಚಿ ತೋರಸೂದು ಮರ್ತಿದ್ದೆ ಮಂದಾ. ಅದಕ್ಕ ಅದು ಹರಡ್ತು. ನಿಂದು ಕೈ ಅಳ್ಳಾಡಿದ್ದಿಲ್ಲ. ಗುಂಡು ಹಂಗಿತ್ತು," ಅಂದೆ.

ಮರ್ತಿದ್ದೆ. ಮೊದಲ ಸಲ ಬಾಯಿಗೆ ಬಂದ ಪದ ಇದು.

ಮಂದಾ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ನನ್ನ ಮುಖ ನೋಡಿ, ಪಾಪ ಅನ್ನುವ ಹಾಗೆ ನಕ್ಕಳು. "ಇಷ್ಟ್ ವರ್ಷ ಇದನ್ನ ಹೊಟ್ಯಾಗ ಇಟ್ಕೊಂಡಿದ್ದೇನ ಹುಚ್ಚಿ? ಮರ್ತಿರ್ತಿ. ಆವಾಗ ಮನಿ ಕೆಲಸೆಲ್ಲಾ ನಿನ್ನ ತಲಿ ಮ್ಯಾಲಿತ್ತು. ಯಾರ್ ಮರಿಯೂದಿಲ್ಲ, ಬಿಡು."

ಅಲ್ಲಿಗೆ ಮುಗಿಸಬಹುದಿತ್ತು. ಆಕೆಯ ಕೈ ಆಕೆಗೆ ವಾಪಸು ಸಿಕ್ಕಿತ್ತು, ಮೇಘಾಳದೂ ಉಳಿಯುತ್ತಿತ್ತು. ನನಗೆ ಕ್ಷಮೆಯೂ ಸಿಕ್ಕಿತ್ತು, ನಾನು ಮಾಡದ ತಪ್ಪಿಗೆ. ಆದರೆ ಆಕೆ ಆ ಕ್ಷಮೆಯನ್ನು ಎಷ್ಟು ಸಲೀಸಾಗಿ ಕೊಟ್ಟಳೆಂದರೆ, ಮತ್ತೆ ಮರದ ಕೆಳಗೆ ಚಪ್ಪಲಿ ಬಿಟ್ಟು ಕೂತವಳೇ ನನಗೆ ಕಂಡಳು. ಇನ್ನೊಮ್ಮೆ ಅದನ್ನೇ ಮಾಡುತ್ತಿದ್ದೇನೆ ಅನ್ನಿಸಿತು.

"ಮರ್ತಿದ್ದಿಲ್ಲ," ಅಂದೆ.

"ಏನು?"

"ನಾ ಮರ್ತಿದ್ದಿಲ್ಲ ಮಂದಾ. ಬೇಕಂತ ಮಾಡಿದ್ದೆ. ಅದು ಒಳ್ಳೇ ಲಾಟ್ ಅಂತ ಕಣ್ಣಿಂದ ನೋಡೀನು ಸುಮ್ನಿದ್ದೆ."

ಆಕೆ ಗ್ಯಾಸ್ ಆರಿಸಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು. "ಯಾಕ?" ಅಂದಳು.

"ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು."

ಇಷ್ಟೇ ಇತ್ತು ಉತ್ತರ. ಇದಕ್ಕಿಂತ ದೊಡ್ಡ ಕಾರಣ ಸಿಗಬಹುದೆಂದು ಇಷ್ಟು ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ.

ಒಳಗಿನಿಂದ ಅತ್ತೆ ಕೂಗಿದರು, "ರೊಟ್ಟಿ ಹೊತ್ತಾಕತ್ತೈತಿ, ಮೂಗಿಲ್ಲೇನ ಇಬ್ಬರಿಗೂ?" ಮಂದಾ ರೊಟ್ಟಿ ತೆಗೆದು ಬದಿಗಿಟ್ಟಳು. ಹೊತ್ತಿದ ಅಂಚನ್ನು ಉಗುರಿನಿಂದ ಕೆರೆಯುತ್ತ, ನನಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ ಅಂದಳು, "ಅಂದ್ರ ಆ ಎಂಟು ನಂದಲ್ಲ."

"ಅಲ್ಲ."

"ನಾ ಅದನ್ನ ದಿನಾ ಹೊಡೀತಿದ್ದೆ ಅಕ್ಕಾ. ಮಲ್ಕೊಂಡಾಗ, ನಿದ್ದಿ ಬರಲಾರದ. ಎಲ್ಲಿ ತಪ್ಪಿದೆ ಅಂತ."

ತಪ್ಪಾಯಿತು ಅನ್ನುವ ಪದ ಇತ್ತು. ಆ ವಾಕ್ಯದ ಮುಂದೆ ಅದನ್ನು ಇಡಲು ನಾಚಿಕೆಯಾಯಿತು.

ಮಂದಾ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಬೇಯಿಸಿದಳು. ತೆಗೆದಳು. ಆಮೇಲೆ ಬಹಳ ಸಾಧಾರಣ ದನಿಯಲ್ಲಿ, ಕಾಯಿಪಲ್ಲೆಯವನ ಹತ್ತಿರ ಮಾತಾಡುವ ಹಾಗೆ ಹೇಳಿದಳು. "ಮೇಘಾನ ಗುಂಡು ನಾ ಇನ್ನೊಬ್ರ ಕಡಿಂದ ನೋಡಸ್ತೀನಿ."

"ನೋಡ್ಸು," ಅಂದೆ. ಅದು ಸರಿಯೇ. ನಾನು ಆರಿಸಿದ ಲಾ‌ಟ್ ಒಳ್ಳೆಯದು, ಇವತ್ತು ಎಲ್ಲವನ್ನೂ ಸರಿಯಾಗಿ ಮಾಡಿದ್ದೇನೆ ಅಂತ ಹೇಳಲು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ಆವತ್ತು ರೇಂಜಿನಲ್ಲಿ ಸ್ಟೂಲಿನ ಮೇಲೆ ಕೂತಾಗಲೇ ಹೋಯಿತು.

"ಮತ್ತ, ಸಂಜಿಗೆ ಆಕಿ ಬರ್ತಾಳ. ಆಕಿಗೆ ನೀನ ಹೇಳು. ನಾ ಹೇಳೂದಿಲ್ಲ. ಮರ್ತೆ ಗಿರ್ತೆ ಅನಬ್ಯಾಡ."

"ಅನ್ನೂದಿಲ್ಲ."

ಊಟಕ್ಕೆ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ, ಮೊಸರು. ಮಂದಾ ತಾನೇ ಬಡಿಸಿಕೊಂಡಳು, ಎರಡು ರೊಟ್ಟಿ ಉಂಡಳು, ತಟ್ಟೆ ತೊಳೆದಿಟ್ಟಳು. ಅತ್ತೆ ಹಿಂಡಿಗೆ ಉಪ್ಪು ಕಡಿಮೆ ಅಂದರು. ನಾನು ಹೊತ್ತಿದ ರೊಟ್ಟಿ ಉಂಡೆ. ಊಟ ಆದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದೆ. ದಿನಾ ಅತ್ತೆಗೇ ಮೊದಲು ನಿದ್ದೆ ಹತ್ತುವುದು. ಇವತ್ತು ಅವರು ಹೊರಳಾಡುತ್ತಲೇ ಇದ್ದರು, ಏನಾಗಿದೆ ನಿಮ್ಮಿಬ್ಬರಿಗೆ ಅಂತ ಎರಡು ಸಲ ಕೇಳಿದರು. ಮೊದಲು ನಿದ್ದೆ ಹೋದವಳು ಮಂದಾ. ಗೋಡೆಯ ಕಡೆ ಮುಖ ಮಾಡಿ, ಕೈ ತಲೆಯಡಿ ಇಟ್ಟುಕೊಂಡು, ತಲೆ ಇಟ್ಟ ಕೂಡಲೇ ಗಾಢವಾಗಿ ನಿದ್ದೆ ಹೋದಳು.